ಕಲ್ಲಿಗೆ ಸೀಗೆಕಾಯಿ

ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ನಮ್ಮೂರು. ಊರಿನಲ್ಲಿ ನಮ್ಮ ಮನೆಗಿದ್ದ ದೊಡ್ಡಸ್ತಿಕೆಯೆಲ್ಲ ಹಿತ್ತಲ ಹುಣಸೆಮರದ ಕೆಳಗೆ ನಿಂತಿದ್ದ ಒಂದು ಕಲ್ಲು. ಅದನ್ನು ನಾವು ‘ಅಯ್ಯ’ ಅನ್ನುತ್ತಿದ್ದೆವು, ನಮ್ಮ ವಂಶದ ಮೂಲದವನು ಅಂತ. ವರ್ಷವರ್ಷ ಬಿತ್ತನೆಗೆ ಮುಂಚೆ ಅಯ್ಯನಿಗೆ ಹರಳೆಣ್ಣೆ ಬಳಿದು ಅರಿಸಿನ ಮೆತ್ತುವುದು ನಮ್ಮ ಮನೆಯವರ ಹಕ್ಕು. ಬೇರೆಯವರು ಮುಟ್ಟುವಂತಿಲ್ಲ. ಎಷ್ಟು ತಲೆಮಾರು ಮೆತ್ತಿದ್ದರೋ, ಕಲ್ಲಿನ ಮೇಲೆ ಬೆರಳು ದಪ್ಪದ ಕಪ್ಪು ಜಿಡ್ಡು ಕೂತಿತ್ತು. ಅದರೊಳಗೆ ಏನಿದೆ ಎಂದು ಕೇಳಿದವಳು ನಾನೊಬ್ಬಳೇ. ಕೇಳಿದ್ದಕ್ಕೆ ಅಜ್ಜಿಯಿಂದ ಬೆನ್ನಿಗೊಂದು ಬಿತ್ತು.

ಅಜ್ಜಿಯೆಂದರೆ ಅಪ್ಪನ ತಾಯಿ. ಅವಳಿಗೆ ಅಪ್ಪ ಒಬ್ಬನೇ ಮಗ, ಅಪ್ಪನಿಗೆ ನಾನೊಬ್ಬಳೇ ಮಗಳು. ಅವ್ವ ನನ್ನನ್ನು ಹೆತ್ತಾಗಲೇ ಹೋಗಿದ್ದಳು. ಎರಡನೇ ಮಹಾಯುದ್ಧ ಶುರುವಾದ ಮಾರನೆಯ ವರ್ಷ, ನನಗಾಗ ಹನ್ನೊಂದು, ಅಪ್ಪನೂ ಜ್ವರದಲ್ಲಿ ಹೋದ.

ಆ ಸುಗ್ಗಿಯಲ್ಲೇ ಹೆಳವ ಬಂದ. ಹೆಳವರು ಒಕ್ಕಲು ಮನೆಗಳ ವಂಶಾವಳಿಯನ್ನು ಬಾಯಲ್ಲೇ ಇಟ್ಟುಕೊಂಡು ಊರೂರು ತಿರುಗುವವರು. ನಮ್ಮ ಮನೆಯ ಹೆಳವ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಸುತ್ತಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದ. ಊರೊಳಗೆ ನೆಲಕ್ಕೆ ಕಾಲಿಡುವುದಿಲ್ಲ, ಅದು ಅವರ ಕುಲದ ಕಟ್ಟು. ಅವನಿಗೆ ಕಾಲಿದೆಯೋ ಇಲ್ಲವೋ ಎಂದು ನಾವು ಮಕ್ಕಳು ಜಗಳವಾಡುತ್ತಿದ್ದೆವು. ಆದರೆ ಬಾಯಿ ಮಾತ್ರ ಏನು ಬಾಯಿ! ಇಂಥವನ ಮಗ ಇಂಥವನು, ಇಂಥ ಊರಿಂದ ಬಂದ, ಇಂಥ ಕೆರೆ ಕಟ್ಟಿಸಿದ ಎಂದು ಉಸಿರು ಬಿಡದೆ ಹೇಳುತ್ತಿದ್ದರೆ ಸತ್ತವರೆಲ್ಲ ಎದ್ದು ನಮ್ಮ ಜಗಲಿಯ ಮೇಲೆ ಬಂದು ಕೂತಂತಾಗುತ್ತಿತ್ತು. ನನಗೆ ಮೈ ಜುಮ್ಮೆನ್ನುತ್ತಿತ್ತು.

ಅವತ್ತು ಹೇಳುತ್ತ ಹೇಳುತ್ತ ಅಪ್ಪನ ಹೆಸರಿಗೆ ಬಂದ. ಗಂಟೆ ನಿಲ್ಲಿಸಿದ. “ಇಲ್ಲಿಗೆ ಈ ಕವಲು ಒಣಗಿತು” ಅಂದ.

ನಾನು ಅವನ ಎದುರಿಗೇ ಕಂಬ ಹಿಡಿದು ನಿಂತಿದ್ದೆ.

“ಮಗಳವ್ಳಲ್ಲಪ್ಪ, ಕಣ್ಣು ಕಾಣಾಕಿಲ್ವಾ?” ಅಂದಳು ಅಜ್ಜಿ.

“ಎಣ್ಮಕ್ಕಳು ಇನ್ನೊಬ್ರ ಮನೆ ಬಳ್ಳಿ ಕಣವ್ವ. ನಮ್ಮಪ್ಪ ಯೇಳ್ಕೊಟ್ಟಿರೋದು ಇಷ್ಟೆ.”

ಅಜ್ಜಿ ಮೊರದ ತುಂಬ ರಾಗಿ ತಂದು ಅವನ ಚೀಲಕ್ಕೆ ಸುರಿದು, ಒಳಗೆ ಹೋಗಿ ಕದ ಹಾಕಿಕೊಂಡು ಅತ್ತಳು. ಮಗನನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅಪ್ಪ ಎರಡನೇ ಸಲ ಸತ್ತಿದ್ದ. ನಾನೋ, ಇದ್ದೂ ಇಲ್ಲದವಳಾಗಿದ್ದೆ.

ಎರಡು ವರ್ಷ ಕಳೆದ ಮೇಲೆ ಮೈಸೂರಿನಿಂದ ಒಬ್ಬ ಮೇಷ್ಟ್ರು ಬಂದರು. ಕಲ್ಲಿನ ಮೇಲಿನ ಹಳೆಯ ಬರಹ ಓದುವ ಹುಚ್ಚು ಅವರಿಗೆ. ಅಯ್ಯನನ್ನು ಸುತ್ತಿ ನೋಡಿ, ಈ ಜಿಡ್ಡು ಕೆರೆಯಬೇಕಲ್ಲ ಅಂದರು. ಅಜ್ಜಿ ಅಡ್ಡ ನಿಂತಳು. ದೇವರ ಮೈ ಕೆರೆಯುವುದೇ? ಮೇಷ್ಟ್ರು ಜಾಣರು. “ತಾಯಿ, ಎಣ್ಣೆ ಹಚ್ಚಿದ ಮೇಲೆ ನೀರು ಹಾಕಬೇಕಲ್ಲವೇ? ಇಷ್ಟು ವರ್ಷ ಒಂದು ಸಲವಾದರೂ ಹಾಕಿದ್ದೀರಾ?” ಎಂದು ಕೇಳಿದರು.

ಅಜ್ಜಿ ಬಾಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ, ನಮ್ ಬುದ್ಧಿಗಿಷ್ಟು! ಎಣ್ಣೆ ಅಚ್ಚಿ ಅಚ್ಚಿ ನೀರೇ ಉಯ್ದಿಲ್ವಲ್ಲ ಕಣಮ್ಮಿ!”

ಹಂಡೆ ನೀರು ಕಾಯಿಸಿದೆವು. ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಸೀಗೆಕಾಯಿ ಹಾಕಿ, ಬಾಣಂತಿ ಮನೆಯ ಮಗುವಿಗೆ ಎರೆಯುವಂತೆ ಅಯ್ಯನಿಗೆ ಎರೆದಳು. ಮಧ್ಯಾಹ್ನದವರೆಗೂ ಉಜ್ಜಿದೆವು. ಮೊದಲು ಒಂದು ದನದ ಕೊಂಬು ಕಂಡಿತು. ಆಮೇಲೆ ಬಿಲ್ಲು ಹಿಡಿದ ಕೈ, ಆಮೇಲೆ ಕುದುರೆ. ಕೆಳಗೆ ಸಾಲುಸಾಲು ಅಕ್ಷರ! ನಾನು ಅಲ್ಲೇ ಕೆಸರಿನಲ್ಲಿ ಕೂತು, ಅಕ್ಷರಗಳ ಸಂದಿಯ ಜಿಡ್ಡನ್ನು ಉಗುರಿನಿಂದ ತೆಗೆಯತೊಡಗಿದೆ. ಮೇಷ್ಟ್ರು ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿದರು. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದುವು.

ಅವರು ಓದಿ ಹೇಳಿದರು: ಊರ ದನ ಕದ್ದೊಯ್ಯುವಾಗ ಇವನು ಕಾದಿ, ದನ ಬಿಡಿಸಿ ಸತ್ತ. ಇವನ ಮಗಳು ಈ ಕಲ್ಲು ನಿಲ್ಲಿಸಿದಳು.

“ಗಂಡ್ಮಕ್ಕಳ ಮಾತೇ ಇಲ್ವಾ ಸ್ವಾಮಿ?” ಅಂದಳು ಅಜ್ಜಿ.

“ಇಲ್ಲ ತಾಯಿ. ಮಗಳು ಅಂತಲೇ ಇದೆ” ಎಂದು ನನ್ನ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟರು. ಎಂಟುನೂರು ವರ್ಷಕ್ಕೆ ಕಡಿಮೆಯಿಲ್ಲ ಅಂದರು. ಕಲ್ಲು ಬಿಸಿನೀರಿಗೆ ಇನ್ನೂ ಬೆಚ್ಚಗಿತ್ತು. ಆ ಮಗಳಿಗೂ ನನಗೂ ನಡುವೆ ಇದ್ದದ್ದು ಎಣ್ಣೆಯ ಜಿಡ್ಡು ಮಾತ್ರ ಅನ್ನಿಸಿತು.

ಮರುವರ್ಷ ಹೆಳವ ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದಳು. “ರಾಗಿ ಆಮೇಕೆ. ಮೊದ್ಲು ಇತ್ತಲಿಗೆ ಬಾ.” ಎತ್ತನ್ನು ಹುಣಸೆಮರದವರೆಗೂ ಹೊಡೆಸಿ, “ತೋರ್ಸಮ್ಮಿ” ಅಂದಳು. ನಾನು ಅಕ್ಷರದ ಮೇಲೆ ಬೆರಳಿಟ್ಟು ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ.

ಹೆಳವ ಕಾಲಿಗೆ ಸುತ್ತಿದ್ದ ಕಂಬಳಿ ಬಿಚ್ಚಿದ. ಎತ್ತಿನಿಂದ ಇಳಿದ. ಹೆಳವನಿಗೆ ಕಾಲಿದ್ದುವು! ನಮ್ಮ ಹಾಗೆಯೇ ಎರಡು ಕಾಲು, ಹಿಮ್ಮಡಿ ಒಡೆದಿತ್ತು. ಬೇಲಿಯಾಚೆ ನೋಡುತ್ತಿದ್ದವರೆಲ್ಲ ಕತ್ತು ಚಾಚಿದರು. ಅವನು ನಡೆದು ಬಂದು ಕಲ್ಲಿಗೆ ಹಣೆಯಿಟ್ಟ.

“ನಮ್ಮಪ್ಪ ಯೇಳ್ಕೊಟ್ಟಿದ್ದು ಬ್ಯಾರೆ. ಆದ್ರೆ ಈ ಕಲ್ಲು ನಮ್ಮಪ್ಪನಿಗಿಂತ ಅಳೇದು ಕಣವ್ವ” ಅಂದ.

ಮತ್ತೆ ಎತ್ತು ಹತ್ತಿ, ಗಂಟೆ ಹಿಡಿದು, ಮೊದಲಿನಿಂದ ಶುರುಮಾಡಿದ. ಅಜ್ಜಿ ನನ್ನ ರಟ್ಟೆ ಬಿಗಿಯಾಗಿ ಹಿಡಿದಿದ್ದಳು. ಮುತ್ತಾತ ಬಂದ, ತಾತ ಬಂದ, ಅಪ್ಪ ಬಂದ. ಗಂಟೆ ನಿಲ್ಲಲಿಲ್ಲ.

“ಇವನ ಮಗಳು…” ಎಂದು ನನ್ನ ಕಡೆ ತಿರುಗಿದ. “ಎಸರೇನವ್ವ?”

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮೂರು ಬೀದಿಗೆ ಕೇಳುವ ಹಾಗೆ ನನ್ನ ಹೆಸರನ್ನು ಕೂಗಿ ಹೇಳಿದಳು.