ಕಣದ ಬಂಡೆ ಸೇತುವೆಯಾದದ್ದು

ಕೊಡಿಗೇನಹಳ್ಳಿಯಿಂದ ಮೂಡಲಿಗೆ, ಪಿನಾಕಿನಿಯ ದಡದಲ್ಲಿ ನಮ್ಮೂರು. ಹಿಂದೂಪುರದ ಕಡೆ ಹೋಗುವ ರೈಲು ಊರಿನ ಪಕ್ಕದಲ್ಲೇ ಹೊಳೆ ದಾಟುತ್ತಿತ್ತು. ನಮ್ಮಮ್ಮನ ತವರು ಆಚೆ ದಡದ ಹಳ್ಳಿ. ಬೇಸಿಗೆಯಲ್ಲಿ ಮರಳಿನ ಮೇಲೆ ನಡೆದು ಹೋಗಿ ಬರುತ್ತಿದ್ದೆವು. ಹೊಳೆ ಬಂದಾಗ ಮಾತ್ರ ಆ ಊರಿನ ಹುಣಸೆಮರಗಳನ್ನು ಈಚೆಯಿಂದ ನೋಡುತ್ತಾ ನಿಲ್ಲಬೇಕಾಗುತ್ತಿತ್ತು.

ತಾತನ ಕಾಲದ ಹಳೆಯ ರೈಲು ಸೇತುವೆಗೆ ಇಟ್ಟಿಗೆಯ ಕಮಾನುಗಳಿದ್ದವು. ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲದಲ್ಲಿ ಬೇರುಸಹಿತ ತೇಲಿ ಬಂದ ಮರಗಳು ಕಮಾನುಗಳಿಗೆ ಅಡ್ಡ ಸಿಕ್ಕಿಕೊಂಡವು. ಹಿಂದಿನಿಂದ ಒತ್ತಿದ ನೀರು ನಡುವಿನ ಕಮಾನುಗಳನ್ನೇ ಕಿತ್ತುಕೊಂಡು ಹೋಯಿತು. ಹೊಸದನ್ನು ಕಟ್ಟಿಸಲು ಬಂದ ಓವರ್ಸಿಯರ್ ನಮ್ಮ ಚಿಕ್ಕಪ್ಪನೇ. ಅಪ್ಪ ತಾನು ನೇಗಿಲು ಹಿಡಿದು, ತಮ್ಮನನ್ನು ಮಧುಗಿರಿಯಲ್ಲಿ ಬಿಟ್ಟು ಓದಿಸಿದ್ದ. ಖಾಕಿ ಟೋಪಿ ಹಾಕಿಕೊಂಡು ರೈಲು ಕಂಬಿಯ ಟ್ರಾಲಿಯ ಮೇಲೆ ಬಂದಿಳಿದ ತಮ್ಮನ ಪೆಟ್ಟಿಗೆಯನ್ನು ಅಪ್ಪ ತಾನೇ ಹೊತ್ತು ಮನೆಗೆ ತಂದ.

ಹೊಸ ಸೇತುವೆಯ ಕಂಬಗಳಿಗೆ ಗಟ್ಟಿ ಕಲ್ಲು ಬೇಕಿತ್ತು. ಚಿಕ್ಕಪ್ಪನ ಕಣ್ಣು ಊರ ಹಿಂದಿನ ಬಂಡೆಯ ಮೇಲೆ ಬಿತ್ತು. ಅದು ಊರಿಗೆಲ್ಲ ಸೇರಿದ ಕಣ. ಚಪ್ಪಡಿಯ ಹಾಗೆ ಹರವಾಗಿದ್ದ ಆ ಬಂಡೆಯ ಮೇಲೆ ಎಲ್ಲರೂ ರಾಗಿ ಒಕ್ಕುತ್ತಿದ್ದರು. ನಮ್ಮ ಜಗಲಿಯ ಮೇಲೆ ಊರವರು ಕೂಡಿದರು.

"ಕಣ ಒಡೆದ್ಬುಟ್ರೆ ರಾಗಿ ಎಲ್ಲಿ ಒಕ್ಕಾದು?" ಎಂದು ಹಿರಿಯರೊಬ್ಬರು ಕೇಳಿದರು.

"ಸುಮ್ನೆ ಕೇಳ್ತಿಲ್ಲ. ರೈಲು ಕಂಬಿ ಪಕ್ಕಕ್ಕೆ ಜನ ನಡೆಯೋಕೆ ಹಲಗೆ ದಾರಿ ಬರ್ತದೆ, ಹಿಡ್ಕೊಳ್ಳೋಕೆ ಕಟಕಟೆ ಸಮೇತ. ಹೊಳೆ ಬಂದ್ರೂ ಆಚೆಗೆ ಹೋಗ್ಬಹುದು" ಎಂದ ಚಿಕ್ಕಪ್ಪ.

ಎಲ್ಲರೂ ಅವನನ್ನು ಬಿಟ್ಟು, ಊರಿನ ನ್ಯಾಯ ಹೇಳುತ್ತಿದ್ದ ಅಪ್ಪನ ಮುಖ ನೋಡಿದರು.

"ನನ್ ತಮ್ಮ ಹೇಳ್ತಾವ್ನೆ. ಅದಕ್ಕೆ ನಾನು ಜವಾಬ್ದಾರಿ" ಎಂದ ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ಬಂಡೆಗೆ ಮದ್ದು ಇಟ್ಟ ದಿನ ದನಗಳು ಹಗ್ಗ ಕಿತ್ತುಕೊಂಡು ಓಡಿದವು. ಅಲ್ಲಿಂದ ಮುಂದೆ ಚಿಕ್ಕಪ್ಪನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸವಾಯಿತು. ಊಟ ಮಾಡುತ್ತಾ ಅವನು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಎಲ್ಲವನ್ನೂ ಹೇಳುತ್ತಿದ್ದ. ಕಂಬದ ಬುಡಕ್ಕೆ ಮೊದಲು ಬಾವಿಯಂಥ ಇಟ್ಟಿಗೆಯ ಬಳೆ ಕಟ್ಟಿ, ಒಳಗಿನ ಮರಳನ್ನು ತೋಡುತ್ತಾ ಹೋದರೆ ಅದು ತನ್ನ ಭಾರಕ್ಕೆ ತಾನೇ ಗಟ್ಟಿ ನೆಲದವರೆಗೆ ಇಳಿಯುತ್ತದಂತೆ. ನೀರು ಬರುವ ಕಡೆ ಕಂಬವನ್ನು ದೋಣಿಯ ಮೂತಿಯ ಹಾಗೆ ಚೂಪು ಮಾಡುವುದು ಪ್ರವಾಹವನ್ನು ಸೀಳಲಿಕ್ಕೆ. ಕಮಾನು ಬಿಟ್ಟು ಉದ್ದನೆಯ ಕಬ್ಬಿಣದ ತೊಲೆ, ಅಂದರೆ ಗರ್ಡರ್, ಹಾಕಿದರೆ ಕಂಬಗಳು ಕಡಿಮೆಯಾಗಿ ಮರಗಿಡ ತೇಲಿಹೋಗಲು ಜಾಗವಿರುತ್ತದೆ. ಬಿಸಿಲಿಗೆ ಕಬ್ಬಿಣ ಹಿಗ್ಗುವುದರಿಂದ ಗರ್ಡರಿನ ಒಂದು ತುದಿಯನ್ನು ಬಿಗಿದು, ಇನ್ನೊಂದನ್ನು ಉರುಳೆಗಳ ಮೇಲೆ ಕೂರಿಸುತ್ತಾರೆ. "ಕಬ್ಬಿಣಕ್ಕೂ ಮೈ ಮುರಿಯೋಕೆ ಜಾಗ ಬೇಕು ಕಣಮ್ಮ" ಎನ್ನುತ್ತಿದ್ದ. ಅಷ್ಟು ಪ್ರೀತಿಯಿಂದ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಸೇತುವೆ ಮುಗಿಯಿತು, ರೈಲು ಓಡಿತು. ಹಲಗೆ ದಾರಿ ಮಾತ್ರ ಬರಲಿಲ್ಲ. ಅಲ್ಲಲ್ಲಿ ಕಬ್ಬಿಣದ ಸಣ್ಣ ಅಟ್ಟಣೆಗಳು ಹೊರಚಾಚಿಕೊಂಡಿದ್ದವು. ರೈಲು ಬಂದಾಗ ಕೆಲಸದವರು ಸರಿದು ನಿಲ್ಲುವ ಜಾಗ ಅವು. ಊರವರು ಅವನ್ನೇ ದಾರಿಯ ಶುರು ಎಂದುಕೊಂಡರು. ಕೇಳಿದವರಿಗೆಲ್ಲ ಚಿಕ್ಕಪ್ಪ, "ಹಲಗೆ ಮದ್ರಾಸಿನಿಂದ ಬರ್ಬೇಕು" ಎನ್ನುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಹೊಳೆ ತುಂಬಿದಾಗ, ಆಚೆ ದಡದಿಂದ ಯಾರೋ ಕೂಗಿ ಹೇಳಿದರು, ಅಜ್ಜಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾಳೆ ಎಂದು. ಅಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ಅಪ್ಪನೂ ನಾನೂ ಹಿಂದೆಯೇ ಹೋದೆವು. ಸೇತುವೆಯ ಬಾಯಲ್ಲಿ ಕಾವಲುಗಾರ ಅಡ್ಡ ನಿಂತ.

"ಹೋಗಂಗಿಲ್ಲ ತಾಯಿ."

"ಓವರ್ಸಿಯರ್ ನನ್ ತಮ್ಮ ಕಣಯ್ಯ" ಎಂದ ಅಪ್ಪ.

"ಗೊತ್ತು ಗೌಡ್ರೇ. ಅವ್ರದ್ದೇ ಹುಕುಂ. ಊರೋರು ಯಾರ್ನೂ ಬುಡಬ್ಯಾಡ, ನಮ್ಮನೆಯೋರು ಬಂದ್ರೂ ಬುಡಬ್ಯಾಡ ಅಂದವ್ರೆ. ಬುಟ್ರೆ ನನ್ ಕೆಲ್ಸ ಹೋಯ್ತದೆ."

"ಹಲಗೆ ದಾರಿ ಆಗೋಗಂಟ ಬುಡಪ್ಪ, ಸಾಕು."

ಅವನು ಅರ್ಥವಾಗದೆ ಅಪ್ಪನನ್ನು ನೋಡಿದ. "ಯಾವ ಹಲಗೆ ದಾರಿ? ಇದು ರೈಲಿಗೆ ಅಂತ್ಲೇ ಕಟ್ಟಿರಾದು. ಜನಕ್ಕೆ ದಾರಿ ಮಾಡಾ ಮಾತು ಮೊದ್ಲಿಂದ್ಲೂ ಇರ್ನಿಲ್ಲ."

ಅಮ್ಮ ಅಲ್ಲೇ ಮಣ್ಣಿನ ಏರಿಯ ಮೇಲೆ ಕುಳಿತುಬಿಟ್ಟಳು. ಮಾರನೆಯ ದಿನ ಮಧ್ಯಾಹ್ನ ಆಚೆಯಿಂದ ತಮಟೆಯ ಸದ್ದು ಬಂತು. ಹುಣಸೆಮರಗಳ ಸಾಲಿನಲ್ಲಿ ಅಜ್ಜಿಯನ್ನು ಹೊತ್ತು ಹೋಗುವುದನ್ನು ಈಚೆ ದಡದಿಂದ ನೋಡಿದೆವು. ನಡುವೆ ಸೇತುವೆಯ ಮೇಲೆ ಗೂಡ್ಸ್ ಗಾಡಿಯೊಂದು ನಿಧಾನವಾಗಿ ದಾಟಿತು.

ಬೇರೆ ಕಡೆ ಕೆಲಸಕ್ಕೆ ಹೋಗಿದ್ದ ಚಿಕ್ಕಪ್ಪ ಬಂದದ್ದು ತಿಥಿಯೆಲ್ಲ ಕಳೆದ ಮೇಲೆ. ಹಲಗೆ ದಾರಿಯ ಮಾತು ಯಾಕೆ ಆಡಿದೆ ಎಂದು ಅಪ್ಪ ಜಗಲಿಯಲ್ಲೇ ನಿಲ್ಲಿಸಿ ಕೇಳಿದ.

"ಇಲ್ಲ ಅಂದಿದ್ರೆ ಊರು ಬಂಡೆ ಕೊಡ್ತಿತ್ತೇನಣ್ಣ?" ಎಂದ ಚಿಕ್ಕಪ್ಪ. "ದೂರದಿಂದ ಕಲ್ಲು ತರ್ಸಿದ್ರೆ ಕೆಲಸ ಹೊತ್ತಿಗೆ ಮುಗೀತಿರ್ಲಿಲ್ಲ. ನನ್ನ ಮೇಲಿನೋರಿಗೆ ಏನು ಹೇಳ್ಲಿ?"

"ಸುಳ್ಳು ಹೇಳಾದಾದ್ರೆ ನೀನು ಹೇಳ್ಕೋಬೇಕಿತ್ತು. ನನ್ ಬಾಯಲ್ಲಿ ಯಾಕ್ಲಾ ಹೇಳುಸ್ದೆ?"

"ನಿನ್ನ ಮಾತಾದ್ರೆ ಅವ್ರು ನಂಬ್ತಾರೆ."

ಅಪ್ಪ ಕಂಬ ಹಿಡಿದು ಕುಳಿತ. ಅಮ್ಮ ಒಳಗಿನಿಂದ ತಟ್ಟೆ ತಂದು ಮೈದುನನ ಮುಂದಿಟ್ಟಳು. ಯಾವಾಗಲೂ ಒಲೆಯ ಪಕ್ಕ ಕೂರಿಸಿ ಬಡಿಸುತ್ತಿದ್ದವಳು, ಅವತ್ತು ದಾರಿಹೋಕರಿಗೆ ಇಡುವಂತೆ ಜಗಲಿಯಲ್ಲೇ ಇಟ್ಟು ಒಳಗೆ ಹೋದಳು. ಅವನು ಉಂಡು, ಕೈತೊಳೆದು ಹೊರಟ. ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ಊರವರು ಮಣ್ಣು ನೆಲ ಬಡಿದು, ಸಗಣಿ ಸಾರಿಸಿ ಹೊಸ ಕಣ ಮಾಡಿಕೊಂಡರು. ಎಷ್ಟು ಕೇರಿದರೂ ರಾಗಿಯಲ್ಲಿ ಮಣ್ಣು ಉಳಿಯುತ್ತಿತ್ತು. ಊರಿನ ಯಾವ ಮನೆಯ ಊಟದಲ್ಲಿ ಹಲ್ಲಿಗೆ ಗರಗರ ಸಿಕ್ಕರೂ ಅಪ್ಪ ತಲೆ ತಗ್ಗಿಸುತ್ತಿದ್ದ. ಅವನನ್ನು ಯಾರೂ ಬೈಯಲಿಲ್ಲ. ನ್ಯಾಯಕ್ಕೆ ಕರೆಯುವುದನ್ನು ಮಾತ್ರ ಬಿಟ್ಟರು.

ಅಪ್ಪ ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಮದುವೆಯಾಗಿ ಶಿರಾದಲ್ಲಿದ್ದ ನಾನು ಚಿಕ್ಕಪ್ಪನ ಮನೆ ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ಮುದುಕನಾಗಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ಒಂದು ಮಾತಾದರೂ ಅಪ್ಪನ ಬಗ್ಗೆ ಕೇಳುತ್ತಾನೆ ಎಂದು ಕಾದೆ.

"ಸೇತುವೆ ಹೆಂಗಿದೆಯಮ್ಮ? ಕಂಬ ಒಂಚೂರೂ ಅಲ್ಲಾಡಿಲ್ಲ, ಅಲ್ವಾ?" ಎಂದ. "ಅಂಥ ಕಲ್ಲು ಆ ಸೀಮೆಯಲ್ಲೇ ಇರ್ಲಿಲ್ಲ."

ಸೊಸೆ ಕಾಫಿ ತರುತ್ತಿದ್ದಳು. ರೈಲಿಗೆ ಹೊತ್ತಾಯಿತೆಂದು ಹೇಳಿ ಎದ್ದುಬಿಟ್ಟೆ.