ಮೊಸರಿನವ್ವ ನೀರು ಕುಡಿಯುತ್ತಿರಲಿಲ್ಲ

ಮೊಸರಿನವ್ವನ ಕೆಳತುಟಿಯ ನಡುವೆ ಒಂದು ಸೀಳಿತ್ತು. ಮಳೆಗಾಲದಲ್ಲೂ ಅದು ಮಾಯುತ್ತಿರಲಿಲ್ಲ. ಜೋರಾಗಿ ನಕ್ಕರೆ ಅಲ್ಲಿ ರಕ್ತದ ಒಂದು ಚುಕ್ಕೆ ಮೂಡುತ್ತಿತ್ತು. ಸೆರಗಿನ ತುದಿಯಿಂದ ಅದನ್ನು ಒತ್ತಿಕೊಂಡು ಮತ್ತೆ ನಗುತ್ತಿದ್ದಳು. ಹಣೆಗೆ ಭಂಡಾರದ ಅರಿಶಿನ, ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ, ಬುಟ್ಟಿಯೊಳಗೆ ಒದ್ದೆ ಬಟ್ಟೆ ಮುಚ್ಚಿದ ಮೊಸರಿನ ಗಡಿಗೆಗಳು. ಬೆಳಗಿನ ಮೊದಲ ಬಸ್ಸಿಗೆ ಚಿಮ್ಮಡದಿಂದ ಬಂದು ನಮ್ಮ ಓಣಿಯ ಹತ್ತು ಮನೆಗೆ ಮೊಸರು ಕೊಟ್ಟು, ಉಳಿದದ್ದನ್ನು ಪೇಟೆಯ ಮೂಲೆಯಲ್ಲಿ ಕೂತು ಮಾರಿ, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ನಾನು ಮದುವೆಯಾಗಿ ಈ ಊರಿಗೆ ಬಂದ ವಾರದಿಂದ ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಆಕೆಯ ಮೊಸರೆಂದರೆ ಮೊಸರು. ಗಡಿಗೆಯನ್ನು ನನ್ನ ಮುಖದ ಮುಂದೆ ಬೋರಲು ಹಿಡಿದು, "ಬಿದ್ರ ಇವತ್ತಿಂದು ಪುಕ್ಕಟ್ ನೋಡ್ರಿ ಅಕ್ಕಾರ!" ಎನ್ನುತ್ತಿದ್ದಳು. ಒಂದು ದಿನವೂ ಬೀಳಲಿಲ್ಲ. ಕಾನ್ವೆಂಟಿನ ಅಭ್ಯಾಸದಿಂದ ನಾನು ದಿನವೂ ಥ್ಯಾಂಕ್ಸ್ ಹೇಳುತ್ತಿದ್ದೆ. ಒಂದು ದಿನ ಆಕೆಗೆ ತಡೆಯಲಾಗಲಿಲ್ಲ. "ದಿನಾ ಎದಕ್ಕರಿ ಟ್ಯಾಂಕ್ಸ? ಮೊಸರ ಹುಳಿ ಆದ ದಿನ ಬೈರಿ, ಅಷ್ಟ ಸಾಕು."

ಬಯ್ಯಲು ನನಗೆ ಬರುತ್ತಿರಲಿಲ್ಲ. ಸಿಸ್ಟರುಗಳು ನಮಗೆ ಮೆಲ್ಲಗೆ ಮಾತಾಡುವುದನ್ನು ಕಲಿಸಿದ್ದರು. ಕಿರುಬೆರಳು ಎತ್ತಿದರೆ ಸಾಕು, ತರಗತಿಯಿಂದ ಹೊರಗೆ ಬಿಡುತ್ತಿದ್ದರು. ಅಲ್ಲಿ ಸಾಲಾಗಿ ಎಂಟು ಬಾಗಿಲು, ಪ್ರತಿಯೊಂದರಲ್ಲೂ ನಲ್ಲಿ. ಜಗತ್ತೆಲ್ಲ ಹಾಗೇ ಇರುತ್ತದೆ ಎಂದುಕೊಂಡು ಬೆಳೆದವಳು ನಾನು.

ಮೊಸರಿನವ್ವ ನಮ್ಮ ಕಟ್ಟೆಯ ಮೇಲೆ ಕೂತಾಗ ನಾನು ತಂಬಿಗೆಯಲ್ಲಿ ನೀರು ತಂದಿಡುತ್ತಿದ್ದೆ. ಆಕೆ ಮುಟ್ಟುತ್ತಿರಲಿಲ್ಲ. "ಒಲ್ಲೆರೀ, ನಂದು ಹರಕಿ ಐತಿ." ಬೀರದೇವರಿಗೆ ಹೊತ್ತ ಹರಕೆ ಇರಬೇಕು, ಹೊತ್ತು ಮುಳುಗುವ ತನಕ ನೀರು ಮುಟ್ಟುವುದಿಲ್ಲವೇನೋ ಎಂದು ನಾನೇ ಅರ್ಥ ಮಾಡಿಕೊಂಡೆ. ಎಂಥ ಭಕ್ತಿ ಎಂದು ಗೆಳತಿಯರ ಮುಂದೆ ಹೊಗಳಿದ್ದೂ ಉಂಟು. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಸಣ್ಣ ಸಣ್ಣದನ್ನೆಲ್ಲ ಗಮನಿಸುವವಳು ನಾನು ಎಂಬ ಹೆಮ್ಮೆ ಬೇರೆ ನನಗೆ! ಆಕೆಯ ತುಟಿಯ ಸೀಳು ಕಂಡಿತ್ತು. ಮಧ್ಯಾಹ್ನ ಪೇಟೆಯಲ್ಲಿ ಮೊಣಕಾಲು ಒತ್ತಿ ಹಿಡಿದು, ಮೈ ಹಿಡಿ ಮಾಡಿಕೊಂಡು ಕೂರುವುದು ಕಂಡಿತ್ತು. ಎದ್ದು ನಿಲ್ಲುವಾಗ ಹೊಟ್ಟೆಯ ಕೆಳಗೆ ಕೈ ಹೋಗುವುದೂ ಕಂಡಿತ್ತು. ಕಂಡು ಏನು ಮಾಡಿದೆ?

ಒಂದು ಮೇ ತಿಂಗಳ ಮಧ್ಯಾಹ್ನ ತರಕಾರಿಗೆಂದು ಹೋದಾಗ ಆಕೆ ಬುಟ್ಟಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಮುಖ ಬೂದಿಯಾಗಿತ್ತು. ನನ್ನ ಬಾಟಲಿ ಮುಂದೆ ಹಿಡಿದು, "ಹರಕೆ ಮುರಿದರೆ ದೇವರೇನು ಸಿಟ್ಟಾಗುವುದಿಲ್ಲ, ಕುಡಿಯವ್ವಾ" ಎಂದೆ.

ಆಕೆ ಕಣ್ಣು ತೆರೆದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ 'ರೀ' ಬಿಟ್ಟು ಮಾತಾಡಿದಳು.

"ಯಾ ಹರಕಿ ಬೇ? ಯಾ ದೇವ್ರು ಹೇಳ್ಯಾನ ನೀರ ಕುಡೀಬ್ಯಾಡ ಅಂತ? ಕುಡದ್ರ ಒಂದಕ ಎಲ್ಲಿ ಹೋಗ್ಲಿ? ತೋರಸು. ಈ ಪ್ಯಾಟ್ಯಾಗ ಒಂದ ಜಾಗಾ ತೋರಸು ನನಗ."

ನಾನು ತಲೆ ಎತ್ತಿ ಸುತ್ತ ನೋಡಿದೆ. ಗಂಡಸರಿಗೆ ಪೇಟೆಯ ಉದ್ದದ ಗೋಡೆ ಇಡಿಯಾಗಿ ಇತ್ತು. ಯಾರೋ ಅಲ್ಲಿ ದೇವರ ಚಿತ್ರದ ಟೈಲ್ಸ್ ಅಂಟಿಸಿದ್ದರು. ಗಂಡಸರು ದೇವರಿಗೆ ಮರ್ಯಾದೆ ಕೊಟ್ಟು ಎರಡು ಮಾರು ಆಚೆ ಸರಿದು ನಿಂತಿದ್ದರು. ಮೊಸರಿನವ್ವನ ಬೆನ್ನ ಹಿಂದೆಯೇ ಹೆಂಗಸರ ಶೌಚಾಲಯ. ಗುಲಾಬಿ ಬಣ್ಣ, ಬಾಗಿಲ ಮೇಲೆ ಸೆರಗು ಹೊದ್ದ ಹೆಣ್ಣಿನ ಚಿತ್ರ, ಚಿಲಕಕ್ಕೆ ತುಕ್ಕು ಹಿಡಿದ ಬೀಗ. ನಾಲ್ಕು ವರ್ಷದ ಹಿಂದೆ ಅದನ್ನು ಕಟ್ಟಿದಾಗ ರಿಬ್ಬನ್ ಕತ್ತರಿಸಿ ಪೇಢೆ ಹಂಚಿದ್ದರು. ಆ ಪೇಢೆ ನಾನೂ ತಿಂದಿದ್ದೆ.

"ಕೀಲಿ ಕೇಳಾಕ ಮೂರ ಸಲಾ ಹೋಗೇನಿ" ಎಂದಳು ಮೊಸರಿನವ್ವ, ಸ್ವಲ್ಪ ಸುಧಾರಿಸಿಕೊಂಡು. "ಒಬ್ಬಾವ ಅವನ ಕಡೆ ಐತಿ ಅಂತಾನ, ಅಂವ ಇವನ ಕಡೆ ಐತಿ ಅಂತಾನ. ಕಡೀಗೊಬ್ಬ ಅಂದ: ಮನ್ಯಾಗ ಮುಗಿಸ್ಕೊಂಡ ಬರಾಕ ಏನಾಗೈತಿ ನಿನಗ?"

ಮರುವಾರ ಸಂತೆಯ ದಿನ ಮೊಸರಿನವ್ವ ತನ್ನ ಬುಟ್ಟಿಯನ್ನು ಮೂಲೆಯಲ್ಲಿ ಇಳಿಸಲಿಲ್ಲ. ನೇರವಾಗಿ ಆ ಶೌಚಾಲಯದ ಮೆಟ್ಟಿಲ ಮೇಲೆ ಇಟ್ಟು, ಬೀಗಕ್ಕೆ ಬೆನ್ನು ಕೊಟ್ಟು ಕೂತಳು. ಮೆಂತೆಪಲ್ಯ ಮಾರುವವಳೂ ಬಳೆಗಾರ್ತಿಯೂ ಪಕ್ಕದಲ್ಲಿ ಕೂತರು. ಜನ ಸೇರಿತು. ಪುರಸಭೆ ಕಚೇರಿಯಿಂದ ಒಬ್ಬ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದರು.

"ಏನ ಬೇ, ಸಂಡಾಸ ಮುಂದ ಮೊಸರ ಮಾರ್ತಿಯೇನ? ಹೊಲಸ ಅನ್ಸೂದಿಲ್ಲ ನಿನಗ?"

"ಹೊಲಸ ಹೆಂಗ ಆಕ್ಕೈತ್ರೀ ಸಾಹೇಬ್ರ? ಕಟ್ಟಿದಾಗಿಂದ ಒಬ್ರೂ ಒಳಗ ಹೋಗಿಲ್ಲ. ನಿಮ್ಮ ಆಫೀಸಿಗಿಂತ ಸ್ವಚ್ಛ ಐತಿ."

ಸಂತೆಗೆ ಸಂತೆಯೇ ನಕ್ಕಿತು. ಮೊಸರಿನವ್ವ ಸೆರಗಿನಿಂದ ತುಟಿ ಒತ್ತಿಕೊಂಡಳು. ಅವತ್ತೇ ಬೀಗ ಒಡೆಸಿದರು. ಒಳಗೆ ಹಳೆಯ ಬ್ಯಾನರುಗಳು, ಬ್ಲೀಚಿಂಗ್ ಪೌಡರಿನ ಚೀಲಗಳು, ಕಾಲು ಮುರಿದ ಕುರ್ಚಿಗಳು. ಎಲ್ಲವನ್ನೂ ಹೊರಗೆಳೆದರು. ಹನ್ನೊಂದು ದಿನ ಬಾಗಿಲು ತೆರೆದಿತ್ತು. ನೀರಿನ ಸಂಪರ್ಕ ಮಾತ್ರ ಕೊಡಲೇ ಇಲ್ಲ. ಹನ್ನೆರಡನೆಯ ದಿನ 'ಹೆಂಗಸರು ಸ್ವಚ್ಛವಾಗಿ ಇಟ್ಟುಕೊಳ್ಳುವುದಿಲ್ಲ' ಎಂದು ಹೊಸ ಬೀಗ ಜಡಿದರು. ನೀರಿಲ್ಲದೆ ಯಾರು ಹೇಗೆ ಸ್ವಚ್ಛ ಇಡಬೇಕು ಎಂದು ಕೇಳುವವರಿಲ್ಲ. ಆ ಸಂತೆಯ ದಿನ ನಾನೂ ಕೈಚೀಲ ಹಿಡಿದು ರಸ್ತೆಯ ಆಚೆ ಬದಿ ನಿಂತಿದ್ದೆ. ಎಲ್ಲರ ಜೊತೆ ನಕ್ಕು ಮನೆಗೆ ಬಂದಿದ್ದೆ. ಮೆಟ್ಟಿಲ ಮೇಲೆ ಹೋಗಿ ಕೂರಲಿಲ್ಲ.

ನಮ್ಮ ಹಿತ್ತಲಿನಲ್ಲಿ ಒಂದು ಬಚ್ಚಲು, ಒಂದು ಸಂಡಾಸ ಇವೆ. ಆಕೆ ಕೂರುತ್ತಿದ್ದ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ. ಹೊಸ ಬೀಗ ಬಿದ್ದ ಮೇಲೆ ನಾನು ಆಕೆಗೆ, "ಇನ್ನು ಮೇಲೆ ನಮ್ಮಲ್ಲೇ ಹೋಗಿ ಬಾ" ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಹದಿನಾಕ ವರ್ಷ ಆತಲ್ರೀ ಅಕ್ಕಾರ" ಎಂದಳು. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ದೀಪಾವಳಿಯ ಹೊತ್ತಿಗೆ ಮುಖ, ಕಾಲು ಬಾತು ಆಕೆ ಬರುವುದು ನಿಂತಿತು. ಎರಡೂ ಕಿಡ್ನಿ ಹೋಗಿದ್ದವು. ವರ್ಷಗಟ್ಟಲೆ ನೀರು ಕುಡಿಯದೆ, ಬಂದದ್ದನ್ನು ಕಟ್ಟಿ ಹಿಡಿದು, ಮತ್ತೆ ಮತ್ತೆ ಸೋಂಕಾಗಿ ಹೀಗಾಗಿದೆ ಎಂದು ಡಾಕ್ಟರು ಹೇಳಿದರಂತೆ. ಯುಗಾದಿಗೆ ಮುಂಚೆ ಹೋಗಿಬಿಟ್ಟಳು. ಮನೆಯವರನ್ನು ಮಾತಾಡಿಸಲು ಚಿಮ್ಮಡಕ್ಕೆ ಹೋದಾಗ ಅಂಗಳದಲ್ಲಿ ಯಾರೋ, "ದೇವ್ರ ಕರಕೊಂಡ ಬಿಡ್ರಿ" ಎಂದರು. ನನಗೆ ಮೈ ಉರಿಯಿತು. ಐವತ್ತಾರು ವರ್ಷದ ಹೆಂಗಸು. ದೇವರು ಎಲ್ಲಿ ಕರೆದ? ಒಂದು ಬೀಗ ಕೊಂದಿತು, ಮತ್ತು ನನ್ನಂಥ ಹತ್ತು ಮನೆಯ ಒಳ್ಳೆಯ ಹೆಂಗಸರು ಕೊಂದರು.

ಅವತ್ತಿನಿಂದ ಈ ದೇಶದಲ್ಲಿ ನೀರು ಕುಡಿಯದ ಹೆಂಗಸರೇ ನನ್ನ ಕಣ್ಣಿಗೆ ಬೀಳುತ್ತಾರೆ. ಮುಧೋಳಕ್ಕೆ ಹೊರಟರೆ ನಮ್ಮವ್ವ ಮುಂಜಾನೆಯಿಂದ ಚಹಾ ಬಿಡುತ್ತಾಳೆ. ಮದುವೆ ಮನೆಯಲ್ಲಿ ಬೀಗತಿಯರು ಪಾನಕದ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡುತ್ತಾರೆ. ನನ್ನ ಮಗಳು ಶಾಲೆಯಿಂದ ನೀರಿನ ಬಾಟಲಿಯನ್ನು ತುಂಬಿದಂತೆಯೇ ತರುತ್ತಾಳೆ. ಏಕೆ ಎಂದರೆ, "ಅಲ್ಲಿ ಚಿಲಕ ಇಲ್ಲಮ್ಮಾ" ಎನ್ನುತ್ತಾಳೆ. ಕಚೇರಿಗೆ ನಾನು ನಾಲ್ಕು ಅರ್ಜಿ ಕೊಟ್ಟಿದ್ದೇನೆ. "ನಿಮ್ಮಂಥಾ ಮನಿತನಸ್ಥರಿಗೆ ಇದೆಲ್ಲಾ ಎದಕ ಬೇಕ್ರೀ ಅಮ್ಮಾರ?" ಎಂದ ಗುಮಾಸ್ತನ ಮೇಜು ಬಡಿದು ಕೂಗಿದ್ದೇನೆ. ಇಡೀ ಕಚೇರಿ ತಿರುಗಿ ನೋಡಿತು. ಬೀಗ ಇನ್ನೂ ಇದೆ.

ಮೊಸರಿನವ್ವ ತೀರಿಕೊಂಡ ತಿಂಗಳ ನಂತರ ಆಕೆಯ ಸೊಸೆ ಬುಟ್ಟಿ ಹೊತ್ತು ಬಂದಳು. ಬುಟ್ಟಿ ಇಳಿಸಿದವಳೇ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಅಕ್ಕಾರ, ನಿಮ್ಮ ಸಂಡಾಸ ಎಲ್ಲೈತ್ರಿ?" ಎಂದಳು. ನಾನು ಹಿತ್ತಲು ತೋರಿಸಿದೆ. ತಿರುಗಿ ಬಂದು, ಕೈ ತೊಳೆದು, ಮೊಸರಿನ ಗಡಿಗೆ ಬಿಚ್ಚುತ್ತ ಹೇಳಿದಳು:

"ಅತ್ತಿ ಸಾಯೂ ಮುಂದ ಹೇಳ್ಯಾಳ್ರಿ. ಎಲ್ಲಾ ಮನ್ಯಾಗ ಮೊದಲ ಇದನ್ನ ಕೇಳು, ನನ್ನಂಗ ನಾಚಬ್ಯಾಡ. ಇಲ್ಲ ಅಂದವ್ರ ಮನಿಗೆ ಮೊಸರ ಕೊಡಬ್ಯಾಡ ಅಂತ."

ನಮ್ಮ ಓಣಿಯಲ್ಲಿ ಈಗ ಆಕೆ ನಾಲ್ಕು ಮನೆಗೆ ಮೊಸರು ಕೊಡುತ್ತಾಳೆ.