ಮೆಟ್ಟಿಲ ಕೆಳಗೆ ಇಟ್ಟವರು

ಬಾಳೆಹೊನ್ನೂರಿನ ಗೆಳತಿ ಊರು ಬಿಡುವಾಗ ತಾನು ಸಾಕಿದ್ದ, ಬಾಲವಿಲ್ಲದ ದೊಡ್ಡ ಇಲಿಯಂಥ ಎರಡು ಗಿನಿ ಪಿಗ್‌ಗಳನ್ನು ನನಗೆ ಕೊಟ್ಟಳು. ಜೊತೆಗೆ ಕೊಟ್ಟ ಗಿಳಿಪಂಜರ ಅವಕ್ಕೆ ಆಗುವಂಥದ್ದಾಗಿರಲಿಲ್ಲ. ಅವು ಹತ್ತುವ ಪ್ರಾಣಿಗಳಲ್ಲ, ಓಡಾಡುವವು. ತಂತಿಯ ತಳದ ಮೇಲೆ ನಿಂತರೆ ಪಾದ ಹುಣ್ಣಾಗುತ್ತದೆ. ಕೊಪ್ಪದ ನನ್ನ ಬಾಡಿಗೆ ಮನೆಯಲ್ಲಿ, ಮಹಡಿಯ ಮೇಲೆ, ಬಟ್ಟೆ ಕತ್ತರಿಸುವ ಹಳೆಯ ಮೇಜೊಂದಿತ್ತು. ಅದನ್ನು ತಲೆಕೆಳಗು ಮಾಡಿ ನಾಲ್ಕು ಕಾಲುಗಳ ಸುತ್ತ ಜಾಲರಿ ಹೊಡೆದೆ. ಒಳಗೆ ಹೊಲಿಗೆಯಲ್ಲಿ ಉಳಿದ ದಪ್ಪ ಬಟ್ಟೆ, ಅದರ ಮೇಲೆ ಒಣಹುಲ್ಲು, ಅಡಗಿಕೊಳ್ಳಲು ಎರಡು ಬಾಗಿಲು ಕೊರೆದ ರಟ್ಟಿನ ಡಬ್ಬ. ಹೊಲಿಗೆ ಮಿಷನ್ನಿನ ಸದ್ದು ತಾಗದ ಒಳಕೋಣೆಯಲ್ಲಿಟ್ಟೆ.

ಕೆಳಗಿನ ಮನೆಯಲ್ಲಿದ್ದ ಓನರಮ್ಮ ಬಂದು ನೋಡಿ ಮೂಗು ಮುಚ್ಚಿಕೊಂಡರು.

"ಎಂತ ಮಾರಾಯ್ತಿ ಇದು? ಇಲಿ ಸಾಕೋಕೆ ನಾನು ಮನೆ ಕೊಟ್ಟಿದ್ದಾ? ಹೊರಗೆ ಮೆಟ್ಟಿಲ ಕೆಳಗೆ ಇಡು."

"ಅಲ್ಲಿ ಎರಚಲು ಹೊಡೀತದಮ್ಮ. ನಾಯಿಗಳೂ ಬರ್ತಾವೆ."

ಅವರು ಇಳಿದುಹೋದರು.

ಮದುವೆಮನೆಯೊಂದರ ರವಿಕೆಗಳನ್ನು ಕೊಡಲು ನರಸಿಂಹರಾಜಪುರಕ್ಕೆ ಹೋಗಿದ್ದ ದಿನ, ಸಂಜೆ ಬಂದು ನೋಡಿದರೆ ಮೇಜು ಮೆಟ್ಟಿಲ ಕೆಳಗೆ ಮಗುಚಿ ಬಿದ್ದಿತ್ತು. ನನ್ನ ಬಾಗಿಲಿಗೆ ಅವರಲ್ಲಿ ಇನ್ನೊಂದು ಬೀಗದಕೈ ಇದೆಯೆಂದು ಗೊತ್ತಾದದ್ದು ಅವತ್ತೇ. ಕಂದು ಬಣ್ಣದ್ದನ್ನು ನಾಯಿ ಕೊಂದಿತ್ತು. ಬಿಳಿಯದು ಕಿವಿ ಹರಿದುಕೊಂಡು ಸೌದೆಯ ಸಂದಿಯಲ್ಲಿ ನಡುಗುತ್ತಿತ್ತು.

"ಇಲಿ ತಾನೇ, ಇನ್ನೊಂದು ತಂದ್ಕೊಂಡ್ರಾಯ್ತು" ಎಂದರು ಓನರಮ್ಮ, ಹೂ ಕಟ್ಟುವುದನ್ನೂ ನಿಲ್ಲಿಸದೆ.

ನಾನು ಅಳಲಿಲ್ಲ, ಬೈಯಲೂ ಇಲ್ಲ. ರಸ್ತೆಯಾಚೆ ಎದುರು ಮನೆ ಖಾಲಿಯಿತ್ತು. ಆ ತಿಂಗಳೇ ಅಲ್ಲಿಗೆ ಹೋದೆ, ಬೇಕೆಂದೇ. ಒಂಟಿಯಾಗಿ ಸೊಪ್ಪು ಮುಟ್ಟದೆ ಕೂತಿದ್ದ ಬಿಳಿಯದಕ್ಕೆ ಜೊತೆ ತಂದೆ. ಮೊದಲಿನದರ ಎರಡರಷ್ಟು ಉದ್ದದ ಮನೆ ಮಾಡಿಸಿದೆ. ಆಮೇಲೆ ಮಿಷನ್ನನ್ನು ಓನರಮ್ಮನ ಮನೆ ಕಾಣುವ ಕಿಟಕಿಯ ಬಳಿಗೆ ಎಳೆದುಕೊಂಡು ಕೂತೆ.

ನಾನು ಬಿಟ್ಟ ಮಹಡಿ ಮನೆ ನೋಡಲು ಬಂದವರು ಓನರಮ್ಮ ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಸುಳ್ಳು ಹೇಳಲಿಲ್ಲ. "ಮನೆ ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ. ನೀವು ಇಲ್ಲದಾಗ ಬಾಗಿಲು ತೆಗೆದು ಒಳಗೆ ಬರ್ತಾರೆ, ಅಷ್ಟೇ" ಎನ್ನುತ್ತಿದ್ದೆ. ಒಳಗೆ ಕರೆದು ಹರಿದ ಕಿವಿಯನ್ನೂ ತೋರಿಸುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರಿಗೂ ಹೇಳಿದೆ. ಕೊಪ್ಪದಲ್ಲಿ ಮಾತು ಹರಡಲು ದರ್ಜಿಯನ್ನು ಬಿಟ್ಟು ಬೇರೆಯವರು ಬೇಕೇ?

ಮಳೆಗಾಲವಿಡೀ ಮನೆ ಖಾಲಿ ಬಿತ್ತು. ಗೋಡೆಗೆ ಬೂಷ್ಟು ಹಿಡಿಯಿತು. ಕೊನೆಗೆ ಓನರಮ್ಮನೇ ರಸ್ತೆ ದಾಟಿ ಬಂದರು.

"ನಿಂಗೆ ಎಂತ ಬೇಕು ಮಾರಾಯ್ತಿ?"

"ಎಂತದೂ ಬೇಡ. ಬಂದವರು ಕೇಳ್ತಾರೆ, ಹೇಳ್ತೀನಿ."

"ಒಂದು ಇಲಿಗೋಸ್ಕರ ಇಷ್ಟೆಲ್ಲಾ?"

"ಹೌದು. ಒಂದು ಇಲಿಗೋಸ್ಕರ."

ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೂ ನಾನು ಸುಮ್ಮನಾಗುತ್ತಿರಲಿಲ್ಲವೆನ್ನಿ.

ಈಗ ಮಹಡಿಯಲ್ಲಿ ಮುರಿದ ಕುರ್ಚಿ, ಖಾಲಿ ಡ್ರಮ್ಮು ತುಂಬಿಟ್ಟಿದ್ದಾರೆ. ಬಾಡಿಗೆಗೆ ಎಂಬ ಬೋರ್ಡನ್ನು ಅವರೇ ಸ್ಟೂಲು ಹತ್ತಿ ಬಿಚ್ಚಿದರು. ನಾನು ಮಿಷನ್ ನಿಲ್ಲಿಸಿ, ಅವರು ಇಳಿದು ಒಳಗೆ ಹೋಗುವವರೆಗೂ ನೋಡಿದೆ.